ಉಪವನ ಮತ್ತು ಬಯಲು

ನಮ್ಮ ಹಳೆಯ ಮಹಾಕಾವ್ಯಗಳನ್ನು ಓದಿದವರಿಗೆ ಅಷ್ಟಾದಶ ವರ್ಣನೆಗಳ ಪರಿಚಯ ಇದ್ದೇ ಇರುತ್ತದೆ. ಕಡಲು, ಬೆಟ್ಟ, ಪಟ್ಟಣ, ಋತು, ಚಂದ್ರೋದಯ, ಸೂರ್ಯೋದಯಗಳ ಸಾಲಿನಲ್ಲಿ ಉದ್ಯಾನವಿಹಾರವೂ ಜಲಕ್ರೀಡೆಯೂ ಬರುತ್ತವೆ. ಕಥೆಗೆ ಬೇಕಿರಲಿ ಬೇಡದಿರಲಿ, ಕವಿಯಾದವನು ತನ್ನ ನಾಯಕನನ್ನು ಒಮ್ಮೆಯಾದರೂ ಉಪವನಕ್ಕೆ ಕರೆದೊಯ್ಯಲೇಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಕಾವ್ಯಗಳನ್ನು ತರಗತಿಯಲ್ಲಿ ಪಾಠ ಹೇಳಿದವನು ನಾನು. ಒಮ್ಮೆ ಇಂಥದೊಂದು ವರ್ಣನೆಯನ್ನು ಬಿಡಿಸಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಸಾರ್, ಆ ತೋಟದ ಒಳಕ್ಕೆ ಊರಿನ ಜನರನ್ನು ಬಿಡುತ್ತಿದ್ದರೇ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಪ್ರಶ್ನೆಯೇನೋ ನಗುವಂಥದಾಗಿರಲಿಲ್ಲ. ಕಾವ್ಯದ ಉಪವನಕ್ಕೆ ಬಾಗಿಲಿತ್ತು, ಬಾಗಿಲಿಗೆ ಕಾವಲಿತ್ತು. ಒಳಗೆ ಅರಸನೂ ಅವನ ಪರಿವಾರವೂ ಮಾತ್ರ ಇದ್ದರು.

ಸಂಸ್ಕೃತದ 'ಆರಾಮ' ಶಬ್ದವು ಹಳಗನ್ನಡದಲ್ಲಿ ತದ್ಭವವಾಗಿ 'ಆರವೆ'ಯಾಯಿತು. ಮನಸ್ಸು ರಮಿಸುವ ಎಡೆ, ತೋಟ ಎಂದು ಅದರ ಅರ್ಥ. ಉತ್ತರ ಕರ್ನಾಟಕದ ಗೆಳೆಯರು ಎದುರಾದಾಗ "ಆರಾಮ ಇದ್ದೀರೇನ್ರಿ?" ಎಂದು ಕೇಳುತ್ತಾರಲ್ಲ, ಆ ಆರಾಮವಾದರೋ ಪಾರಸಿಯ ದಾರಿಯಿಂದ ನಮ್ಮಲ್ಲಿಗೆ ಬಂದದ್ದು, ಅದರ ಅರ್ಥ ನೆಮ್ಮದಿ, ವಿಶ್ರಾಂತಿ. ಒಂದು ಆರಾಮ ಅರಸನ ತೋಟದಲ್ಲಿತ್ತು. ಇನ್ನೊಂದನ್ನು ಸಾಮಾನ್ಯನು ದುಡಿಮೆಯ ನಡುವೆ ತಾನೇ ಹುಡುಕಿಕೊಳ್ಳಬೇಕಾಗಿತ್ತು. ಇವೆರಡೂ ಒಂದೇ ನೆಲದ ಮೇಲೆ ಕೂಡಿಕೊಂಡದ್ದು ಚರಿತ್ರೆಯಲ್ಲಿ ತೀರ ಈಚಿನ ಸಂಗತಿ. ಈ ಹೊತ್ತು ನಾನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದು ಆ ಕೂಡಿಕೆಯ ಕಥೆಯನ್ನು.

ಹಾಗಾದರೆ ನಮ್ಮ ಜನ ಎಲ್ಲಿ ಆಡುತ್ತಿದ್ದರು? ಬಯಲಿನಲ್ಲಿ. ಊರ ಮುಂದಿನ ಗೋಮಾಳ, ಸುಗ್ಗಿ ಮುಗಿದ ಕಣ, ಗುಡಿಯ ಮುಂದಿನ ಅಂಗಳ, ಬೇಸಗೆಯಲ್ಲಿ ನೀರಿಳಿದ ಕೆರೆಯಂಗಳ, ಇವೇ ಅವರ ಆಟದ ನೆಲ. ನಾನು ಚಿನ್ನಿದಾಂಡು ಆಡಿದ್ದು ನಮ್ಮೂರಿನ ಕೆರೆಯಂಗಳದಲ್ಲೇ. ಮೊದಲ ಮಳೆ ಬಿದ್ದರೆ ಆಟ ಮುಗಿಯಿತು. ನೆಲವನ್ನು ಮತ್ತೆ ನೀರಿಗೆ ಒಪ್ಪಿಸಿ ಬರುತ್ತಿದ್ದೆವು. ಈ ಬಯಲನ್ನು ಹಾಡಿ ಹೊಗಳುವುದು ಸುಲಭ. ಆದರೆ ಅದು ಎಲ್ಲರ ಬಯಲಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಗುಡಿಯ ಅಂಗಳಕ್ಕೆ ಎಲ್ಲ ಕೇರಿಯ ಮಕ್ಕಳೂ ಬರುವಂತಿರಲಿಲ್ಲ. ಹೆಣ್ಣುಮಕ್ಕಳ ಪಾಲಿಗೆ ಹಿತ್ತಿಲಿನ ಕುಂಟೆಬಿಲ್ಲೆ, ಪಡಸಾಲೆಯ ಅಳಗುಳಿಮಣೆ. ಮೈನೆರೆದ ಮೇಲೆ ಅದೂ ಇಲ್ಲ.

ಗಂಡಸರಿಗೆ ಗರಡಿಮನೆ ಇತ್ತು. ಮೈಸೂರನ್ನು ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಸ್ವತಃ ಜಟ್ಟಿಯೆಂದು ಹೆಸರಾದವರು. ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಹೆಮ್ಮೆಯ ಮಲ್ಲನನ್ನು ಕೆಡವಿದರೆಂಬ ಕಥೆಯನ್ನು ನಮ್ಮಲ್ಲಿ ಬಹಳ ಮಂದಿ ಬಾಲ್ಯದಲ್ಲಿ ಕೇಳಿದ್ದೇವೆ. ಆ ಒಡೆಯರನ್ನು ಕುರಿತು ಗೋವಿಂದವೈದ್ಯನು ೧೬೪೮ರಲ್ಲಿ ರಚಿಸಿದ 'ಕಂಠೀರವ ನರಸರಾಜ ವಿಜಯ'ವೆಂಬ ಸಾಂಗತ್ಯ ಕಾವ್ಯದಲ್ಲಿ ಶ್ರೀರಂಗಪಟ್ಟಣದ ಮಹಾನವಮಿಯ ವಿಸ್ತಾರವಾದ ವರ್ಣನೆಯಿದೆ. ಅರಸನ ಓಲಗದ ಮುಂದೆ ನಡೆಯುವ ಆಟ ಅರಸನಿಗೆ ಕಾಣಿಕೆ. ಜನರಿಗೆ ಅದು ನೋಟ. ಆಡುವವರು ಕೆಲವರು, ನೋಡುವವರು ಸಾವಿರ. ಈ ವ್ಯತ್ಯಾಸವನ್ನು ನೀವು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದರಿಂದ ಕೆಲಸವಿದೆ.

ಎಲ್ಲರೂ ಹೊಕ್ಕು ಆಡಬಹುದಾದ ತೋಟವೆಂಬ ಕಲ್ಪನೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಗಿರಣಿಯೂರುಗಳಲ್ಲಿ ರೂಪುಗೊಂಡಿತು. ಅಲ್ಲಿ ಹಳ್ಳಿಯ ಸಾಮುದಾಯಿಕ ನೆಲಗಳಿಗೆ ಬೇಲಿ ಬಿದ್ದು, ಜನ ಪಟ್ಟಣಗಳ ಹೊಗೆಯಲ್ಲಿ ಕಿಕ್ಕಿರಿದಿದ್ದರು. ಕಾಲಾಡಲು ಜಾಗವಿಲ್ಲದೆ ದುಡಿಯುವ ಜನ ಸೊರಗುತ್ತಿದ್ದಾರೆಂದು ೧೮೩೩ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ವರದಿ ಮಾಡಿತು. ೧೮೪೦ರಲ್ಲಿ ಜೋಸೆಫ್ ಸ್ಟ್ರಟ್ ಎಂಬ ಗಿರಣಿಯ ಶ್ರೀಮಂತ ಡಾರ್ಬಿ ಊರಿಗೆ ಒಂದು ಸಸ್ಯೋದ್ಯಾನವನ್ನು ದಾನವಾಗಿ ಕೊಟ್ಟ. ಅದಕ್ಕೆ ಭಾನುವಾರ, ಬುಧವಾರ ಮಾತ್ರ ಪುಕ್ಕಟೆ ಪ್ರವೇಶ. ಮಿಕ್ಕ ದಿನ ಕಾಸು ಕೊಡಬೇಕಾಗಿತ್ತು. ೧೮೪೬ರಲ್ಲಿ ಮ್ಯಾಂಚೆಸ್ಟರ್ ಮತ್ತು ಸಾಲ್‌ಫರ್ಡ್ ಊರುಗಳಲ್ಲಿ ಚಂದಾ ಎತ್ತಿ ಮೂರು ಪಾರ್ಕುಗಳನ್ನು ತೆರೆದಾಗ, ಗಿಡಮರಗಳ ಜತೆಗೆ ಉಯ್ಯಾಲೆ, ಬಿಲ್ಲುಗಾರಿಕೆ, ಅಂಗಸಾಧನೆಗಳಿಗೂ ಜಾಗ ಕೊಟ್ಟರು. ಮರುವರ್ಷ ಬರ್ಕೆನ್‌ಹೆಡ್ ಎಂಬಲ್ಲಿ ಊರಿನ ಹಣದಿಂದಲೇ ಪಾರ್ಕು ಸಿದ್ಧವಾಯಿತು. ಅದರ ವಿನ್ಯಾಸಕಾರ ಜೋಸೆಫ್ ಪ್ಯಾಕ್ಸ್‌ಟನ್. ಮುಂದೆ ೧೮೫೧ರಲ್ಲಿ ಲಂಡನ್ನಿನ ಸ್ಫಟಿಕ ಅರಮನೆಯನ್ನು ಕಟ್ಟಿದವನೂ ಅವನೇ. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಆ ಅರಮನೆಯೇ ಮಾದರಿಯೆಂದು ನೆನೆದಾಗ, ದೂರದ ಈ ಕಥೆ ನಮಗೆ ಅಷ್ಟು ದೂರದ್ದೇನೂ ಅಲ್ಲವೆನಿಸುತ್ತದೆ.

ಬೆಂಗಳೂರಿನಲ್ಲಿ ಆಗ ಎರಡು ಊರುಗಳಿದ್ದವು. ಒಂದು ಕೆಂಪೇಗೌಡರ ಪೇಟೆ. ಇನ್ನೊಂದು ೧೮೦೯ರಿಂದ ಬೆಳೆದ ಬ್ರಿಟಿಷರ ದಂಡು. ಎರಡಕ್ಕೂ ಬೇರೆ ಭಾಷೆ, ಬೇರೆ ಆಡಳಿತ, ಬೇರೆ ಬೀದಿ. ೧೮೩೧ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡ ಮೇಲೆ, ೧೮೩೪ರಿಂದ ೧೮೬೧ರವರೆಗೆ ಮಾರ್ಕ್ ಕಬ್ಬನ್ ಇಲ್ಲಿ ಕಮಿಷನರ್ ಆಗಿದ್ದ. ಅವನ ತರುವಾಯ, ಪೇಟೆಗೂ ದಂಡಿಗೂ ನಡುವೆ ಹದಿನೆಂಟು ಇಲಾಖೆಗಳ ಕಚೇರಿಗೆಂದು ಕೆಂಪು ಕಟ್ಟಡವೊಂದು ಎದ್ದು ೧೮೬೮ರಲ್ಲಿ ಪೂರ್ಣವಾಯಿತು. ಹಿಂದುಸ್ತಾನಿಯ 'ಅಠಾರಾ' ಜನರ ಬಾಯಲ್ಲಿ 'ಅಠಾರ' ಆಗಿ ಅದು ಅಠಾರ ಕಚೇರಿಯಾಯಿತು. ಕಾವ್ಯಕ್ಕೆ ಹದಿನೆಂಟು ವರ್ಣನೆ, ಸರ್ಕಾರಕ್ಕೆ ಹದಿನೆಂಟು ಕಚೇರಿ! ಈ ಕಚೇರಿಯ ಮುಂದಿನ ನೆಲದಲ್ಲಿ ೧೮೭೦ರಲ್ಲಿ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ನೂರು ಎಕರೆಯ ಉದ್ಯಾನವೊಂದನ್ನು ಹಾಕಿದ. ಮುಂದೆ ಅದು ಸುಮಾರು ಮುನ್ನೂರು ಎಕರೆಗೆ ಬೆಳೆಯಿತು.

ಅದರ ಹೆಸರುಗಳದೇ ಒಂದು ಸಣ್ಣ ಚರಿತ್ರೆ. ಮೊದಲು ಆಗಿನ ಹಂಗಾಮಿ ಕಮಿಷನರ್ ಜಾನ್ ಮೀಡ್‌ನ ನೆನಪಿಗೆ ಮೀಡ್ಸ್ ಪಾರ್ಕ್. ಬಳಿಕ ಕಬ್ಬನ್ ಪಾರ್ಕ್. ೧೯೨೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಸಂದರ್ಭದಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ. ಕಾಗದದ ಮೇಲೆ ಕೊನೆಯ ಹೆಸರು ನಿಂತಿತು. ಜನರ ಬಾಯಲ್ಲಿ ನಡುವಣ ಹೆಸರು ಉಳಿಯಿತು. ಮೂರೂ ಆಳಿದವರ ಹೆಸರುಗಳೇ. ಗುಂಡಿ ತೋಡಿದವರ, ನೀರು ಹೊತ್ತವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಆದರೂ ಈ ಉದ್ಯಾನದಿಂದ ಒಂದು ಹೊಸ ಸಂಗತಿ ನಡೆಯಿತು. ಪೇಟೆಯವನೂ ದಂಡಿನವನೂ ಒಂದೇ ಮರದ ನೆರಳಿಗೆ ಬರುವ ಅವಕಾಶವಾಯಿತು. ಉಪವನದ ಸೊಗಸು, ಬಯಲಿನ ಸಲುಗೆ ಎರಡೂ ಇಲ್ಲಿ ಸೇರಿದವು. ಉಪವನಕ್ಕೆ ಹೋಗಲು ಅರಸನ ಬಳಗವಾಗಿರಬೇಕು. ಊರ ಬಯಲಿಗೆ ಹೋಗಲು ಆ ಊರಿನ, ಆ ಕೇರಿಯ ಮಗನಾಗಿರಬೇಕು. ಪಾರ್ಕಿಗೆ ಹೋಗುವವನನ್ನು ನೀನು ಯಾರ ಮಗನೆಂದು ಕೇಳುವವರಿಲ್ಲ. ನನ್ನ ಮಟ್ಟಿಗೆ, ಸಾರ್ವಜನಿಕ ಉದ್ಯಾನದ ಹಿರಿಮೆಯೆಲ್ಲ ಈ ಕೇಳದಿರುವಿಕೆಯಲ್ಲಿದೆ.

ಕಳೆದ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ, ಈ ಭಾಷಣದ ನೆಪದಲ್ಲೇ, ನಾನು ಅಲ್ಲಿಗೆ ಹೋದೆ. ಆಕಾಶವಾಣಿ ನಿಲಯದಿಂದ ವಿಧಾನಸೌಧವನ್ನು ದಾಟಿ ನಡೆದರೆ ಸಿಕ್ಕುವ ಜಾಗ ಅದು. ಬಿದಿರ ಮೆಳೆಯ ಪಕ್ಕದಲ್ಲಿ ನನ್ನ ವಯಸ್ಸಿನವರು ಕೈಯೆತ್ತಿ ಗಟ್ಟಿಯಾಗಿ ನಗುವ ವ್ಯಾಯಾಮ ಮಾಡುತ್ತಿದ್ದರು. ಬಂಡೆಯ ಇಳಿಜಾರಿನಲ್ಲಿ ಇಬ್ಬರು ಮಕ್ಕಳು ಜಾರಿ ಚಡ್ಡಿ ಹರಿದುಕೊಳ್ಳುತ್ತಿದ್ದರು. ತಾಯಿ ಬೈಯುತ್ತಿದ್ದಳು, ಆದರೆ ತಡೆಯುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿದ ಕಾವಲುಗಾರನೊಬ್ಬ ಸಮವಸ್ತ್ರದಲ್ಲೇ ಕಲ್ಲುಬೆಂಚಿನ ಮೇಲೆ ನಿದ್ದೆ ಹೋಗಿದ್ದ. ನಾಲ್ವರು ಹುಡುಗಿಯರು ಎರಡು ಮರಗಳ ನಡುವೆ ದಾರ ಕಟ್ಟಿ ಬ್ಯಾಡ್‌ಮಿಂಟನ್ ಆಡುತ್ತಿದ್ದರು. ಹಿತ್ತಿಲಿನ ಕುಂಟೆಬಿಲ್ಲೆಯಿಂದ ಈ ದಾರದವರೆಗೆ ಬಂದ ದೂರ ಸಣ್ಣದಲ್ಲ. ಇನ್ನೊಂದು ಹುಲ್ಲುಗಾವಲಿನಲ್ಲಿ ನೂರಾರು ತರುಣ ತರುಣಿಯರು ಬಟ್ಟೆ ಹಾಸಿಕೊಂಡು ಒಂದು ಮಾತೂ ಇಲ್ಲದೆ ಪುಸ್ತಕ ಓದುತ್ತಿದ್ದರು. ಯಾರೂ ಯಾರನ್ನೂ ಏಕೆ ಬಂದೆಯೆಂದು ಕೇಳುತ್ತಿರಲಿಲ್ಲ. ಉದ್ಯಾನವನ್ನು ಇಷ್ಟು ಬಗೆಯಲ್ಲಿ ಬಳಸಬಹುದೆಂದು ಸ್ಯಾಂಕಿ ಎಣಿಸಿದ್ದನೋ ಇಲ್ಲವೋ. ಖಾಲಿ ನೆಲವೊಂದು ಜನರಿಗೆ ಸಿಕ್ಕರೆ ಅದರ ಉಪಯೋಗವನ್ನು ಅವರೇ ಕಂಡುಕೊಳ್ಳುತ್ತಾರೆ.

ಇನ್ನು ಕಥೆಯ ಇನ್ನೊಂದು ಮುಖ. ಖಾಲಿ ನೆಲವನ್ನು ಕಂಡರೆ ಸತ್ಕಾರ್ಯಗಳಿಗೆಲ್ಲ ಆಸೆ. ೧೯೧೫ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮರಣೆಯ ಭವನ ಉದ್ಯಾನದ ನಡುವೆ ತಲೆಯೆತ್ತಿ ಸಾರ್ವಜನಿಕ ಪುಸ್ತಕಾಲಯವಾಯಿತು. ವಿದ್ಯಾರ್ಥಿಯಾಗಿದ್ದಾಗ ಅಲ್ಲಿ ಕುಳಿತು ಓದಿದ ನಾನು ಅದನ್ನು ಹೇಗೆ ಬೇಡವೆನ್ನಲಿ? ಐರೋಪ್ಯರ ಕ್ಲಬ್ಬುಗಳಲ್ಲಿ ನಮ್ಮವರಿಗೆ ಪ್ರವೇಶ ದುರ್ಲಭವಾಗಿದ್ದ ಕಾಲದಲ್ಲಿ, ೧೯೧೭ರಲ್ಲಿ, ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸೆಂಚುರಿ ಕ್ಲಬ್ ಹುಟ್ಟಿತು. ಆ ಹೊತ್ತಿಗೆ ಅದು ಸ್ವಾಭಿಮಾನದ ಮಾತು. ಟೆನಿಸ್ ಅಂಗಣಗಳು ಬಂದವು. ಮಕ್ಕಳಿಗೆಂದು ಬಾಲಭವನ ಬಂತು. ಅಲ್ಲಿಯ ಪುಟಾಣಿ ರೈಲನ್ನು ಏರಿ ನಲಿದ ಮಕ್ಕಳು ಈಗ ತಮ್ಮ ಮೊಮ್ಮಕ್ಕಳ ಕೈ ಹಿಡಿದು ಬರುತ್ತಾರೆ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಆಕ್ಷೇಪಿಸುವಂಥದು ಏನೂ ಇಲ್ಲ. ಆದರೆ ಪ್ರತಿಯೊಂದು ಕಟ್ಟಡಕ್ಕೂ ಒಂದು ಗೋಡೆ, ಪ್ರತಿ ಗೋಡೆಗೂ ಒಂದು ಬಾಗಿಲು. ಕೆಲವು ಬಾಗಿಲುಗಳು ಎಲ್ಲರಿಗೂ ತೆರೆದಿರುತ್ತವೆ. ಕೆಲವು ಬಾಗಿಲುಗಳಲ್ಲಿ 'ನೀವು ಸದಸ್ಯರೇ?' ಎಂದು ಕೇಳುತ್ತಾರೆ. ಕೇಳದಿರುವ ನೆಲದಲ್ಲಿ ಹೀಗೆ ಕೇಳುವ ಬಾಗಿಲುಗಳು ಬೆಳೆಯುತ್ತವೆ.

ಉದ್ಯಾನದ ಮಗ್ಗುಲಲ್ಲೇ ಇದಕ್ಕಿಂತ ಆಳವಾದ ಉದಾಹರಣೆಯೊಂದಿದೆ. ಪೇಟೆಗೂ ದಂಡಿಗೂ ನಡುವೆ ಸಂಪಂಗಿ ಕೆರೆಯೆಂಬ ದೊಡ್ಡ ಕೆರೆಯಿತ್ತು. ಅದರ ನೀರಿನಿಂದ ತೋಟಗಳು ಬೆಳೆದವು, ದನಕರು ಕುಡಿದವು. ತಿಗಳರ ಕರಗದ ಆಚರಣೆಗೂ ಅದೇ ನೀರು. ೧೮೯೬ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಊರಿಗೆ ಬಂತು. ನಲ್ಲಿಯಲ್ಲಿ ನೀರು ಬಂದ ಮೇಲೆ ಕೆರೆಯ ಕಡೆಗೆ ನೋಡುವವರು ಕಡಮೆಯಾದರು. ಬರುಬರುತ್ತ ಕೆರೆ ಬತ್ತಿ ಬಯಲಾಯಿತು; ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಆ ಬಯಲು ಕ್ರೀಡಾಂಗಣವಾಯಿತು. ಅದೇ ಶ್ರೀ ಕಂಠೀರವ ಕ್ರೀಡಾಂಗಣ. ೧೯೯೭ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಅದನ್ನು ಹೊಸದಾಗಿ ಸಜ್ಜುಗೊಳಿಸಿದರು. ಹೆಸರು ಕಿವಿಗೆ ಬಿದ್ದೊಡನೆ ತಿರುಚಿನಾಪಳ್ಳಿಯ ಆ ಜಟ್ಟಿದೊರೆಯೂ ಗೋವಿಂದವೈದ್ಯನ ಮಹಾನವಮಿಯೂ ನನ್ನ ಕಣ್ಮುಂದೆ ಬರುತ್ತವೆ. ಕೆರೆಯಿದ್ದುದಕ್ಕೆ ಸಾಕ್ಷಿಯಾಗಿ ಇಂದು ಉಳಿದಿರುವುದು ಕರಗದ ಆಚರಣೆಗೆಂದು ಇಟ್ಟುಕೊಂಡಿರುವ ಒಂದು ಪುಟ್ಟ ಕೊಳ ಮತ್ತು ಸಂಪಂಗಿರಾಮನಗರವೆಂಬ ಬಡಾವಣೆಯ ಹೆಸರು. ನಮ್ಮೂರಿನ ಕೆರೆಯಂಗಳವನ್ನು ನಾವು ಮಳೆಗಾಲಕ್ಕೆ ನೀರಿಗೆ ಹಿಂತಿರುಗಿಸುತ್ತಿದ್ದೆವು. ಇಲ್ಲಿ ಹಿಂತಿರುಗಿಸುವ ಮಾತೇ ಇರಲಿಲ್ಲ.

ಕ್ರೀಡಾಂಗಣ ಬೇಡವೆಂದು ನಾನು ಹೇಳುತ್ತಿಲ್ಲ. ಅಲ್ಲಿ ಓಡಿ ಬೆಳೆದ ಬಡವರ ಮಕ್ಕಳಿದ್ದಾರೆ. ಆದರೆ ಕ್ರೀಡಾಂಗಣದ ಹೆಚ್ಚಿನ ಜಾಗ ಆಸನಗಳಿಗೆ ಹೋಗುತ್ತದೆಂಬುದನ್ನು ಗಮನಿಸಬೇಕು. ಅದು ಅರಸನ ಓಲಗವಿಲ್ಲದ ಮಹಾನವಮಿಯ ಬಯಲು. ಆಡುವವರು ಕೆಲವರು, ನೋಡುವವರು ಸಾವಿರ. ಉದ್ಯಾನದ ಇನ್ನೊಂದು ಮೂಲೆಯ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ೧೯೭೪ರಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದಂದಿನಿಂದ ಎಷ್ಟೋ ಸಂತೋಷದ ಸಂಜೆಗಳನ್ನು ಊರು ಕಂಡಿದೆ. ೨೦೨೫ರ ಜೂನ್ ೪ರಂದು ಅದೇ ಕ್ರೀಡಾಂಗಣದ ಬಾಗಿಲುಗಳ ಹೊರಗೆ, ತಮ್ಮ ಊರಿನ ತಂಡದ ಗೆಲುವಿನ ಸಂಭ್ರಮವನ್ನು ಕಾಣಲು ನೆರೆದಿದ್ದವರಲ್ಲಿ ಹನ್ನೊಂದು ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಎಳೆಯ ಜೀವಗಳು. ಅದರ ಹೊಣೆ ಯಾರದೆಂಬ ವಿಚಾರ ಈ ಮಾತಿನ ವ್ಯಾಪ್ತಿಗೆ ಹೊರಗಿನದು. ಆದರೆ ನೋಟದ ಒಂದೇ ಬಾಗಿಲಿಗೆ ಒಂದು ಊರಿನ ತಾರುಣ್ಯವೆಲ್ಲ ಬಂದು ಮುಗಿಬೀಳಬೇಕಾದರೆ, ಆ ತಾರುಣ್ಯಕ್ಕೆ ತಾನೇ ಆಡುವ ಬಯಲುಗಳು ಎಷ್ಟು ಉಳಿದಿವೆಯೆಂದು ಕೇಳದೆ ಇರಲು ನನ್ನಿಂದ ಆಗುವುದಿಲ್ಲ.

ಜನ ಸುಮ್ಮನಿದ್ದರೆಂದು ತಿಳಿಯಬಾರದು. ಸರ್ಕಾರಿ ಉದ್ಯಾನಗಳ ನೆಲವನ್ನು ಪರಭಾರೆ ಮಾಡದಂತೆ ೧೯೭೫ರಲ್ಲೇ ಕರ್ನಾಟಕದಲ್ಲಿ ಒಂದು ಕಾನೂನು ಬಂದಿತ್ತು. ಹೀಗಿದ್ದೂ ೧೯೯೮ರಲ್ಲಿ ಕಬ್ಬನ್ ಪಾರ್ಕಿನ ಎಲ್ಲೆಯಿಂದ ಸುಮಾರು ಮೂವತ್ತೆರಡು ಎಕರೆಯನ್ನು ಹೊರಗಿಡಲು ಸರ್ಕಾರ ಮುಂದಾಯಿತು. ಆಗ ನಾಗರಿಕರು ಬೀದಿಗಿಳಿದರು. ವಿಷಯ ಹೈಕೋರ್ಟಿನ ಬಾಗಿಲನ್ನೂ ತಟ್ಟಿತು. ಆ ಹೈಕೋರ್ಟು ಇರುವುದಾದರೂ ಎಲ್ಲಿ? ಉದ್ಯಾನದ ಮುಂದಿನ ಅಠಾರ ಕಚೇರಿಯಲ್ಲೇ. ಆಳುವವರು ಹಾಕಿದ ತೋಟವನ್ನು ಆಳಿಸಿಕೊಂಡವರ ಮೊಮ್ಮಕ್ಕಳು ನಮ್ಮದೆಂದು ವಾದಿಸಿದ ಆ ದಿನಗಳೇ ಅದರ ನಿಜವಾದ ನಾಮಕರಣದ ದಿನಗಳೆಂದು ನನಗೆ ತೋರುತ್ತದೆ.

ಇದೆಲ್ಲ ರಾಜಧಾನಿಯ ದೊಡ್ಡ ಪಾರ್ಕಿನ ಕಥೆಯಾಯಿತು, ನಮಗೇನು ಎಂದು ದೂರದ ಊರಿನ ಕೇಳುಗರು ಅಂದುಕೊಳ್ಳಬಹುದು. ಇದೇ ಚರಿತ್ರೆ ಈಗ ಪ್ರತಿ ಬಡಾವಣೆಯಲ್ಲೂ ಪುಟ್ಟ ಅಳತೆಯಲ್ಲಿ ನಡೆಯುತ್ತಿದೆ. ನನ್ನ ಮನೆಯ ಬಳಿಯ ಪಾರ್ಕು ಒಂದು ಎಕರೆಯೂ ಇರಲಾರದು. ಸುತ್ತ ನಡೆಯುವ ಹಾದಿ, ನಾಲ್ಕು ಉಯ್ಯಾಲೆ, ಕಬ್ಬಿಣದ ಕೆಲವು ವ್ಯಾಯಾಮದ ಸಲಕರಣೆ. ಬಾಗಿಲಲ್ಲಿ 'ಚೆಂಡಿನ ಆಟ ನಿಷೇಧಿಸಿದೆ' ಎಂಬ ಫಲಕ. ಫಲಕ ಹಾಕಿಸಿದವರು ನನ್ನಂಥ ನಡಿಗೆಯ ಮುದುಕರೇ. ಫಲಕವನ್ನು ಓದಿಯೂ ಓದದವರಂತೆ ಹುಡುಗರು ಈಶಾನ್ಯದ ಮೂಲೆಯಲ್ಲಿ ಸಂಜೆ ಕ್ರಿಕೆಟ್ ಆಡುತ್ತಾರೆ. ಅವರಲ್ಲಿ ಇಸ್ತ್ರಿ ಅಂಗಡಿಯವರ ಮಗನಿದ್ದಾನೆ, ಹಿಂದಿನ ಬೀದಿಯ ಡಾಕ್ಟರ ಮಗನೂ ಇದ್ದಾನೆ. ಈಗ ಆ ಮೂಲೆಗೆ ಚಾವಣಿ ಹಾಕಿ, ಗಂಟೆಗೆ ಇಷ್ಟೆಂದು ಬಾಡಿಗೆ ಪಡೆದು, ಷಟಲ್ ಅಂಗಣ ಮಾಡಬೇಕೆಂಬ ಸಲಹೆ ಬಂದಿದೆ. ಪಾರ್ಕಿಗೆ ವರಮಾನವಾಗುತ್ತದೆ, ಗಲಾಟೆ ತಪ್ಪುತ್ತದೆ ಎಂದು ಬಹಳ ಮಂದಿ ಒಪ್ಪಿದ್ದಾರೆ.

ಬಡಾವಣೆಯ ಸಭೆಯಲ್ಲಿ ನಾನು ಒಂದು ಪ್ರಶ್ನೆಯನ್ನು ಮಾತ್ರ ಕೇಳಿದೆ: "ಡಾಕ್ಟರ ಮಗ ಬಾಡಿಗೆ ಕೊಟ್ಟು ಒಳಗೆ ಆಡುತ್ತಾನೆ. ಇನ್ನೊಬ್ಬ ಎಲ್ಲಿ ನಿಂತು ನೋಡಬೇಕು?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, "ಮೇಷ್ಟ್ರೇ, ಚೆಂಡು ಬಂದು ನಿಮ್ಮ ಮಂಡಿಗೆ ಬಡಿದರೆ ಆಗ ಹೇಳುತ್ತೀರಿ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅರವತ್ತೈದರ ಮಂಡಿಗೂ ಹದಿನೈದರ ಚೆಂಡಿಗೂ ಒಂದೇ ಎಕರೆಯಲ್ಲಿ ಜಾಗ ಮಾಡುವುದು ಕಷ್ಟದ ಕೆಲಸವೇ. ಹುಡುಗರ ಹೊತ್ತು ಬೇರೆ, ನಡಿಗೆಯ ಹೊತ್ತು ಬೇರೆ ಎಂದು ಹಂಚಿಕೊಳ್ಳೋಣವೆಂದು ನಾನು ಸೂಚಿಸಿದ್ದೇನೆ. ಮಾತು ಇನ್ನೂ ಮುಗಿದಿಲ್ಲ. ಬರುವ ತಿಂಗಳ ಸಭೆಯಲ್ಲಿ ತೀರ್ಮಾನವಾಗಬೇಕು.

ಉಪವನ ಕೆಲವರದಾಗಿತ್ತು. ಬಯಲು ಎಲ್ಲರದಾಗಲು ಪೂರ್ತಿಯಾಗಿ ಬಿಡಲಿಲ್ಲ. ಎರಡರಲ್ಲೂ ಒಳ್ಳೆಯದೇನಿತ್ತೋ ಅದನ್ನು ಕೂಡಿಸಿಕೊಂಡ ಸಾರ್ವಜನಿಕ ಉದ್ಯಾನ ನಮ್ಮ ನಾಡಿನಲ್ಲಿ ಬೇರುಬಿಟ್ಟು ಒಂದೂವರೆ ಶತಮಾನವಷ್ಟೇ ಆಗಿದೆ. ಚರಿತ್ರೆಯ ಲೆಕ್ಕದಲ್ಲಿ ಅದಿನ್ನೂ ಎಳೆಯ ಗಿಡ. ನಿಮ್ಮೂರಿನಲ್ಲಿಯೂ ಅಂಥದೊಂದು ನೆಲವಿದ್ದರೆ, ಒಂದು ಸಂಜೆ ಹೋಗಿ ನೋಡಿ: ಅಲ್ಲಿ ಯಾರು ಆಡುತ್ತಿದ್ದಾರೆ, ಯಾರು ಬೇಲಿಯ ಹೊರಗೆ ನಿಂತು ನೋಡುತ್ತಿದ್ದಾರೆ ಎಂದು ಲೆಕ್ಕ ಹಾಕಿ. ಆ ಊರಿನ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಈ ಲೆಕ್ಕ ಶಾಸನದಷ್ಟೇ ಉಪಯುಕ್ತವಾದೀತು.